ಮ್ಯಾಮತ್‌ಗೊಂದು ಹಣೆಪಟ್ಟ

ಆನೆಯ ವಿಷಯದಲ್ಲಿ ಮೈಸೂರಿನವರಿಗಿರುವಷ್ಟು ಜಂಬ ಬೇರೆ ಯಾರಿಗೂ ಇಲ್ಲವೆಂದೇ ನಾನು ತಿಳಿದಿದ್ದೆ. ತಿರುವನಂತಪುರಕ್ಕೆ ವರ್ಗವಾಗಿ ಬಂದ ಮೇಲೆ ಆ ಜಂಬ ಸದ್ದಿಲ್ಲದೆ ಇಳಿಯಿತು. ಇಲ್ಲಿ ಬಸ್ಸಿನ ಕಂಡಕ್ಟರು ಕೂಡ ರಸ್ತೆಯಲ್ಲಿ ಆನೆ ಕಂಡರೆ ಟಿಕೆಟ್ ಹರಿಯುವುದನ್ನು ಬಿಟ್ಟು ಅದರ ಕಾಲುಗುರು ಎಣಿಸುತ್ತಾನೆ. ನಾನೋ ಆನೆ ನೋಡಿಕೊಂಡೇ ಬೆಳೆದವನು. ಆದರೆ ಅದಕ್ಕೆ ಉಗುರುಗಳಿವೆ ಎಂಬುದನ್ನೇ ಗಮನಿಸಿರಲಿಲ್ಲ.

ಇಂಥ ನನ್ನ ತಲೆಗೇ ಆನೆಯ ಕೆಲಸವೊಂದು ಬಂದು ಕಟ್ಟಿಕೊಂಡಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚೀನಾದವರೂ ನಾವೂ ಬಹಳ ವರ್ಷ ಮಾತು ಬಿಟ್ಟಿದ್ದ ಅಕ್ಕಪಕ್ಕದ ಮನೆಯವರ ಹಾಗೆ ಮತ್ತೆ ಬೇಲಿಯ ಬಳಿ ಬಂದು ಕೆಮ್ಮತೊಡಗಿದ್ದೆವು. ಅಲ್ಲಿನ ಒಂದು ವಸ್ತುಸಂಗ್ರಹಾಲಯ ನಮ್ಮ ವಿಜ್ಞಾನ ಕಚೇರಿಗೆ ಒಂದು ಕಾಣಿಕೆ ಕಳಿಸಿತು. ಹಿಮದಲ್ಲಿ ಕೆಡದೆ ಉಳಿದಿದ್ದ ಮ್ಯಾಮತ್‌ನ, ಅಂದರೆ ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ರೋಮದ ಆನೆಯ, ಒಂದು ಹಿಡಿ ಕೂದಲು ಮತ್ತು ಒಂದು ದವಡೆ ಹಲ್ಲು. ಅದನ್ನು ಪ್ರದರ್ಶನಕ್ಕಿಡಬೇಕು, ಪ್ರದರ್ಶನಕ್ಕೆ ಅವರೇ ಬರುತ್ತಾರೆ, ಬಂದವರಿಗೆ ನಾವೂ ಏನಾದರೂ ಕೊಡಬೇಕು. ಮೂರೂ ನನ್ನ ಪಾಲಿಗೆ.

ಗಾಜಿನ ಸೀಸೆಯೊಳಗಿನ ಕೂದಲು ನೋಡಲು ಯಾರು ತಾನೆ ಬರುತ್ತಾರೆ? ಬಿದಿರಿನ ಚೌಕಟ್ಟಿನ ಮೇಲೆ ತೆಂಗಿನ ನಾರು ಹೊದಿಸಿ ಆಳೆತ್ತರ ಮೀರಿದ ಮ್ಯಾಮತ್ ಒಂದನ್ನು ಮಾಡಿಸಿದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅದನ್ನು ಸುತ್ತಿ ಬಂದು, "ಅಪ್ಪಾ, ಇದ್ ಆನಯಲ್ಲ, ಕರಡಿಯಾ" ಎಂದು ಮಲಯಾಳದಲ್ಲೇ ತೀರ್ಪು ಕೊಟ್ಟಳು.

ಮರುಕಾಣಿಕೆಯದು ಇನ್ನೂ ದೊಡ್ಡ ತಲೆನೋವು. "ಕೇರಳದ್ದೇ ಆಗಿರಬೇಕು, ನಾಚಿಕೆಯಾಗಬಾರದು" ಎಂದರು ನಿರ್ದೇಶಕರು. ಹುಡುಕಲು ಕೊಚ್ಚಿಗೆ ಹೋದೆ. ಕಡಲ ದಂಡೆಯ ದೊಡ್ಡ ಬಲೆಯ ಚಿಕ್ಕ ಮಾದರಿ ಚೆನ್ನಾಗಿತ್ತು. ಹೆಸರು ಕೇಳಿದರೆ ಚೀನವಲ! ಉಪ್ಪಿನಕಾಯಿಯ ಚೆಂದದ ಜಾಡಿ ಕಣ್ಣಿಗೆ ಬಿತ್ತು. ಅದು ಚೀನಭರಣಿ. ಕೊನೆಗೆ ಒಂದು ಕಬ್ಬಿಣದ ಬಾಣಲೆಯನ್ನು ಎತ್ತಿದೆ. ಅಂಗಡಿಯಾತ ಹೆಮ್ಮೆಯಿಂದ, "ಒಳ್ಳೇ ಚೀನಚಟ್ಟಿ ಸಾರೇ" ಎಂದ. ಅವರ ಮನೆಯದನ್ನೇ ಅವರಿಗೆ ಉಡುಗೊರೆ ಕೊಡುವುದು ಹೇಗೆ? ಈ ಕರಾವಳಿ ಎಷ್ಟು ದೇಶದವರನ್ನು ಒಳಗೆ ಕರೆದು ಉಣ್ಣಿಸಿದೆಯೆಂದು ನನಗೆ ಅಂದು ಅರ್ಥವಾಯಿತು. ಅರ್ಥವಾದದ್ದರಿಂದ ನನ್ನ ಕೈಚೀಲವೇನೂ ತುಂಬಲಿಲ್ಲ.

ಸೋತು ಪಕ್ಕದ ತ್ರಿಪ್ಪುಣಿತ್ತುರಕ್ಕೆ ಬಂದೆ. ಉತ್ಸವದ ಆನೆಗಳ ಹಣೆಗೆ ಕಟ್ಟುವ, ಬಂಗಾರದ ಬಣ್ಣದ ಗುಬುಟುಗಳ ನೆಟ್ಟಿಪಟ್ಟಂ ಹೊಲಿಯುವವರು ಅಲ್ಲಿದ್ದಾರೆ. ಶಂಕುಣ್ಣಿ ಎಂಬ ಮುದುಕರೊಬ್ಬರು ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದರು. ಒಂದು ಬೇಕು ಎಂದೆ.

"ಆನಯುಡೆ ಪೇರೆಂದಾ ಸಾರೇ?"

ಆನೆಯ ಹೆಸರೇ? ಆನೆ ಇಲ್ಲ, ಕಾಣಿಕೆಗಾಗಿ, ಗೋಡೆಗೆ ಹಾಕಲು ಎಂದು ತೊದಲಿದೆ. ಅವರು ಸೂಜಿ ಕೆಳಗಿಟ್ಟರು. "ಗೋಡೆಗೆ ಹಣೆ ಎಲ್ಲಿದೆ? ಆನೆ ಇಲ್ಲದೆ ನಾನು ಹೊಲಿಯೋದಿಲ್ಲ" ಎಂದರು.

ಬೇರೆ ದಾರಿ ಕಾಣದೆ ಜೇಬಿನಲ್ಲಿದ್ದ ಮ್ಯಾಮತ್‌ನ ಚಿತ್ರ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹೆಣ್ಣು ನೋಡಲು ಬಂದವರಂತೆ ಪರೀಕ್ಷಿಸಿದರು. "ಕಿವಿ ಸಣ್ಣದು. ಬಾಲ ಮೋಟು. ಬೆನ್ನು ಜಾರಿದೆ." ಚಿತ್ರವನ್ನು ಬೆಳಕಿಗೆ ಹಿಡಿದು, "ಆದರೆ ನೆತ್ತಿ ನೋಡಿ! ಎಂಥ ಎತ್ತರದ ತಲೆ!" ಎಂದರು. ಈಗ ಎಲ್ಲಿದೆ ಎಂದು ಕೇಳಿದರು. ಇದರ ಕುಲವೇ ಇಲ್ಲ, ಎಲುಬು ಚೀನಾದಲ್ಲಿದೆ ಎಂದೆ.

"ಇಷ್ಟು ಕಾಲ ಇದನ್ನು ಯಾರೂ ಎಳುನ್ನಳ್ಳಿಸಲಿಲ್ಲವೇ?" ಸಿಂಗರಿಸಿ ಮೆರವಣಿಗೆ ಹೊರಡಿಸಲಿಲ್ಲವೇ ಎಂದು ಅವರ ಪ್ರಶ್ನೆ. ನಾನು ತಲೆಯಲ್ಲಾಡಿಸಿದೆ. "ಅಳತೆ ಕಳಿಸಿ" ಎಂದರು ಶಂಕುಣ್ಣಿ.

ಪ್ರದರ್ಶನದ ಬೆಳಿಗ್ಗೆ ಅವರೇ ಬಸ್ಸು ಹತ್ತಿ ಬಂದು, ಏಣಿಯೇರಿ, ನಾರಿನ ಮ್ಯಾಮತ್‌ಗೆ ತಾವೇ ಪಟ್ಟ ಕಟ್ಟಿದರು. ಗೂನುನೆತ್ತಿಗೆ ಹೇಳಿ ಹೊಲಿಸಿದಂತೆ ಕೂತಿತು, ಹೇಳಿಯೇ ಹೊಲಿಸಿದ್ದಲ್ಲವೇ! ನಿರ್ದೇಶಕರ ಮುಖ ಮಾತ್ರ ಕಪ್ಪಿಟ್ಟಿತು. "ಇದು ವಿಜ್ಞಾನವೋ ಜಾತ್ರೆಯೋ? ಬಿಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು ಕೊಡೋಣ." ಶಂಕುಣ್ಣಿ ಏಣಿಯಿಂದ ಇಳಿಯಲೇ ಇಲ್ಲ. "ಆನೆಗೇ ಕಟ್ಟುತ್ತೇವೆ ಅಂತ ಅವರು ಮಾತು ಕೊಡಲಿ. ಆಮೇಲೆ ಬಿಚ್ಚುತ್ತೇನೆ." ಅಷ್ಟರಲ್ಲಿ ಅತಿಥಿಗಳು ಒಳಗೆ ಬಂದೇಬಿಟ್ಟರು. ನನ್ನ ನೌಕರಿ, ನಮ್ಮ ಕಚೇರಿಯ ಮಾನ, ಎರಡೂ ಆ ಏಣಿಯ ಮೇಲೆ ನಿಂತಂತಾಯಿತು.

ಚೀನಾದ ಹಿರಿಯ ವಿದ್ವಾಂಸರು ಮ್ಯಾಮತ್‌ನ ಮುಂದೆ ನಿಂತು ತಲೆಯೆತ್ತಿದರು. ನಗುವಂತೆಯೂ ಕಾಣಲಿಲ್ಲ, ಸಿಟ್ಟಾದಂತೆಯೂ ಕಾಣಲಿಲ್ಲ. ಶಂಕುಣ್ಣಿಯ ಮಲಯಾಳವನ್ನು ನಾನು ಇಂಗ್ಲಿಷಿಗೆ ತಂದೆ, ದುಭಾಷಿ ಚೀನೀ ಭಾಷೆಗೆ ಒಯ್ದ. ಗೋಡೆಗಲ್ಲ, ಹಣೆಗೆ. ಉತ್ತರ ಅದೇ ದಾರಿ ಹಿಡಿದು ಹಿಂದೆ ಬಂತು: "ಇದು ಹೇಗೆ ಸತ್ತಿತು ಎಂದು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಇದು ಹೊರಡಲು ಸಿದ್ಧವಾಗಿ ನಿಂತದ್ದನ್ನು ಇಂದೇ ನೋಡಿದೆ. ನಮ್ಮಲ್ಲಿರುವ ಇದರ ಎಲುಬಿನ ಗೂಡಿನ ಹಣೆಗೇ ಕಟ್ಟುತ್ತೇನೆ."

ಆಗ ಶಂಕುಣ್ಣಿ ಗಂಟು ಬಿಚ್ಚಿದರು. ಆ ವಿದ್ವಾಂಸರು ಎರಡೂ ಕೈ ಚಾಚಿ ಪಟ್ಟವನ್ನು ಮಗುವಿನಂತೆ ತೆಗೆದುಕೊಂಡರು. ನನ್ನ ಕಣ್ಣು ಒದ್ದೆಯಾಯಿತೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೈಸೂರಿನವನಾದರೂ ಆ ದಿನ ತ್ರಿಪ್ಪುಣಿತ್ತುರದ ಒಂದು ಜಗಲಿಯ ಬಗ್ಗೆ ನನಗಾದ ಹೆಮ್ಮೆ ನನ್ನೂರಿನ ಬಗ್ಗೆಯೂ ಆಗಿರಲಿಲ್ಲ.

ಅವರು ಮಾತು ಉಳಿಸಿಕೊಂಡರೋ ಇಲ್ಲವೋ ನೋಡಿ ಬಂದವರಿಲ್ಲ. ನಾನಂತೂ ನಂಬಿದ್ದೇನೆ. ದೂರದ ಆ ಚಳಿಯ ಊರಿನಲ್ಲಿ, ಎಲುಬಿನ ಗೂಡೊಂದು ಹಣೆಪಟ್ಟ ಕಟ್ಟಿಕೊಂಡು ಬಾಗಿಲ ಕಡೆ ಮುಖಮಾಡಿ ನಿಂತಿದೆ. ಚೆಂಡೆಯವರು ಬರುವುದೊಂದೇ ಬಾಕಿ.