ನಾಲ್ಕು ದಿಕ್ಕು ಹೇಳುವ ದನಿ

ಕುಂದಗೋಳದ ಆ ಕೋಣೆಯ ಬಾಗಿಲಿನ ಬದಿಯ ಗೋಡೆ ಸೊಂಟದ ಎತ್ತರದಿಂದ ಹೆಗಲಿನವರೆಗೆ ಕಪ್ಪಾಗಿತ್ತು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ಹೊರಗೆ ಹೋಗುವಾಗ ಬೆರಳಿನ ಮಸಿಯನ್ನು ಅಲ್ಲಿ ಒರೆಸಿ ಹೋಗುತ್ತಿದ್ದರು. ವರ್ಷಗಟ್ಟಲೆ ಒರೆಸಿದ ಮಸಿ, ಅದರ ಮೇಲೆ ಬೆವರು, ಅದರ ಮೇಲೆ ಎಣ್ಣೆ ತಲೆಗಳನ್ನು ಆನಿಸಿ ಕುಳಿತವರ ಗುರುತು. ನಾನು ಪ್ರತಿದಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಭುಜ ಓರೆ ಮಾಡಿ, ಆ ಗೋಡೆಗೆ ತಾಗದಂತೆ ಒಳಗೆ ಹೋಗುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಿತ್ತು. ನೌಕರಿಯ ಪತ್ರ ಮಾತ್ರ ಬಂದಿರಲಿಲ್ಲ. "ಮನ್ಯಾಗ ಸುಮ್ಮ ಕುಂಡ್ರೂದಕ್ಕಿಂತ ಬೇಸಿ" ಎಂದು ಅಪ್ಪ ತಮ್ಮ ಗೆಳೆಯರೊಬ್ಬರ ಹತ್ತಿರ ನನ್ನನ್ನು ಕೆಲಸಕ್ಕೆ ಹಚ್ಚಿದರು. ಅವರು ಬಾಂಡ್ ರೈಟರ್. ರಜಿಸ್ಟ್ರಿ ಆಫೀಸಿನ ಬಾಜುವಿನಲ್ಲಿ ಕೋಣೆ ಹಿಡಿದು ಖರೀದಿ, ಒತ್ತಿ, ಪಾಲು ಹಂಚಿಕೆಯ ವಾಟ್ನಿ ಪತ್ರಗಳನ್ನು ಬರೆಯಿಸಿ ಕೊಡುತ್ತಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಕಾಕಾ ಬಾಯಲ್ಲಿ ಎಲೆ, ಅಡಿಕೆ, ತಂಬಾಕು ಇಟ್ಟುಕೊಂಡೇ ಮಾತಾಡುವವರು. ಹಾಳೆ ತಿರುವುವಾಗಲೆಲ್ಲ ಬೆರಳನ್ನು ನಾಲಗೆಗೆ ಮುಟ್ಟಿಸುತ್ತಿದ್ದರು. ಹೊಲದ ಒಡೆಯ ಯಾರು, ಅಳತೆ ಎಷ್ಟು ಎಂದು ತಲಾಠಿ ಬರೆದುಕೊಡುವ ಉತಾರದ ಹಾಳೆಗಳನ್ನು ಜನ ಮಡಿಚಿ, ಅರಿವೆಯಲ್ಲಿ ಸುತ್ತಿ, ಎದೆಗವಚಿಕೊಂಡು ತರುತ್ತಿದ್ದರು. ಒಂದು ದಿನ ಕಾಕಾನ ಹತ್ತಿರ ಇದ್ದರೆ ಅವುಗಳ ಮೂಲೆ ಕೆಂಪಾಗುತ್ತಿತ್ತು. ಅದೇ ಮೂಲೆ ಹಿಡಿದು ನಾನು ಟೈಪ್ ಮಾಡಬೇಕು. ಮಧ್ಯಾಹ್ನ ರೊಟ್ಟಿ ತಿನ್ನುವ ಮೊದಲು ನಾನು ಕೈ ತೊಳೆಯುತ್ತಿದ್ದುದನ್ನು ನೋಡಿ ಅವರು ನಗುತ್ತಿದ್ದರು. "ಎಷ್ಟ ತಿಕ್ಕತೀಯವಾ, ತೊಗಲ ಹೋದೀತು."

ಆದರೆ ಕಾಗದದ ವಿಷಯದಲ್ಲಿ ಅವರಷ್ಟು ಜೋಪಾನದವರು ಇಲ್ಲ ಎಂದು ಹೆಸರಿತ್ತು. ಕೋಣೆಯ ಮೂಲೆಯಲ್ಲಿ ಕಬ್ಬಿಣದ ಕಪಾಟು. ಅದರ ಕೀಲಿ ಕಾಕಾನ ಉಡದಾರದಲ್ಲಿ. ಹೊಸಬರು ಬಂದರೆ ಅಂಗಿ ಎತ್ತಿ ಆ ಕೀಲಿಯನ್ನು ತೋರಿಸುವುದು ಅವರಿಗೆ ರೂಢಿ. "ನೋಡ್ರಿ, ಮಲಗಿದಾಗ ಸೈತ ಬಿಚ್ಚಂಗಿಲ್ಲ." ಜನ ತಲೆದೂಗುತ್ತಿದ್ದರು. ನಾನು ಗೋಡೆ ಕಡೆ ಮುಖ ತಿರುಗಿಸುತ್ತಿದ್ದೆ.

ಅವರು ಕಚ್ಚಾ ಪ್ರತಿ ಬರೆಯುತ್ತಿರಲಿಲ್ಲ. ಬಾಯಿಂದಲೇ ಹೇಳುವರು, ನಾನು ಕೇಳಿ ಟೈಪ್ ಮಾಡಬೇಕು. ಹೊಸ್ತಿಲಲ್ಲಿ ನಿಂತು, ಒಂದು ಕೈ ಚೌಕಟ್ಟಿಗೆ ಕೊಟ್ಟು, ರಸ್ತೆ ನೋಡುತ್ತ ಹೇಳುವರು. ಸರ್ವೆ ನಂಬರು ಬಂತೆಂದರೆ ಕೈ ಎತ್ತುವರು: "ನಿಲ್ಲಸವಾ ಮಿಷನ್. ನಂಬರ್ ತಪ್ಪಬಾರದು." ನಾನು ನಿಲ್ಲಿಸುತ್ತಿದ್ದೆ. ಅವರು ನಂಬರು ಹೇಳಿ, ಆಮೇಲೆ ಚಕ್ಕುಬಂದಿ, ಎಂದರೆ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ದಕ್ಷಿಣಕ್ಕೆ, ಉತ್ತರಕ್ಕೆ ಎಂದು ಒಂದೊಂದೇ ದಿಕ್ಕನ್ನು ಬಿಡಿಸಿ ಬಿಡಿಸಿ ಹೇಳುವರು. ಅದನ್ನು ನಾನು ಅವರ ಕೆಲಸದ ಅಚ್ಚುಕಟ್ಟು ಎಂದುಕೊಂಡಿದ್ದೆ. ಮನೆಯಲ್ಲಿ ಹೊಗಳಿಯೂ ಇದ್ದೆ.

ಎಲ್ಲರ ಪತ್ರವನ್ನೂ ಹಾಗೆ ಹೇಳುತ್ತಿರಲಿಲ್ಲ. ಮೋಟರ್‌ಸೈಕಲ್ ಮೇಲೆ, ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದವರದಾದರೆ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳುವರು. ತಂಬಾಕಿನ ಬಿಸಿ ಉಸಿರು ಕುತ್ತಿಗೆಗೆ ತಾಗಿ ನನಗೆ ಮೈಯೆಲ್ಲ ಮುದುಡುತ್ತಿತ್ತು. ಬಡವರ ಪತ್ರವಾದರೆ ಹೊಸ್ತಿಲು. ಆ ದೂರ ನನಗೆ ಹಿತವೆನಿಸುತ್ತಿತ್ತು, ಅಷ್ಟೇ. ಎದುರು ಚಾದಂಗಡಿಯ ಬಾಕಿನ ಮೇಲೆ ಒಬ್ಬ ದಲಾಲ ಯಾವಾಗಲೂ ಪೇಪರು ಹಿಡಿದು ಕುಳಿತಿರುತ್ತಿದ್ದ. ಆ ಪೇಪರಿನ ಪುಟ ತಿರುಗಿದ್ದನ್ನು ನಾನು ನೋಡಿದ ನೆನಪಿಲ್ಲ.

ಯರಗುಪ್ಪಿಯಿಂದ ಅಕ್ಕ ತಂಗಿ ಇಬ್ಬರು ಬಂದದ್ದು ಸುಗ್ಗಿ ಮುಗಿದ ಮೇಲೆ. ಅಕ್ಕ ಸರಕಾರಿ ಹಾಸ್ಟೆಲಿನಲ್ಲಿ ಅಡುಗೆಯವಳು, ಕಡಿಮೆ ಮಾತಿನವಳು. ತಂಗಿ ಒಳಗೆ ಕಾಲಿಡುವಾಗಲೇ ಮಾತಾಡುತ್ತಿದ್ದಳು. ಅಕ್ಕ ತನ್ನ ಉತಾರವನ್ನು ಮುಂದೆ ಚಾಚಿದಳು. ಕಾಕಾ ಕೈ ಚಾಚಲಿಲ್ಲ. "ಟೇಬಲ್ ಮ್ಯಾಲ ಇಡವಾ" ಎಂದರು. ಹಿಂದಿನವರ ಕಾಗದವನ್ನು ಕೈಯಿಂದ ಕೈಗೇ ತೆಗೆದುಕೊಂಡಿದ್ದರು. ಅಕ್ಕ ಟೇಬಲ್ ಮೇಲೆ ಇಟ್ಟು ಹಿಂದೆ ಸರಿದಳು. ಅದು ಅವಳಿಗೆ ಹೊಸದಲ್ಲ ಎಂಬುದು ಅವಳು ಸರಿದ ರೀತಿಯಲ್ಲೇ ಗೊತ್ತಾಯಿತು.

ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡ ಒಂದು ಮನೆತನದವರು ಯರಗುಪ್ಪಿಯ ತಮ್ಮ ಕೊನೆಯ ಎರೆಹೊಲವನ್ನು ಮಾರುವವರಿದ್ದರು. ಅದನ್ನು ಕೊಳ್ಳಲು ಅಕ್ಕ ಮಾತು ಪಡೆದಿದ್ದಳು. ಹೊಲ ಇದ್ದವರೇ ಹೊಲ ಕೊಳ್ಳಬೇಕೆಂಬ ಕಾನೂನಿತ್ತು; ತಂದೆಯಿಂದ ಬಂದ ಅರ್ಧ ಎಕರೆ ಅವಳ ಹೆಸರಿಗಿತ್ತು, ಆದ್ದರಿಂದ ಆ ಅಡ್ಡಿ ಇರಲಿಲ್ಲ. ಅಡ್ಡಿ ಬೇರೆ ಇತ್ತು.

"ಉತ್ತರಕ್ಕ ದೊಡ್ಡವರ ಹೊಲ ಐತ್ರಿ" ಎಂದಳು ಅಕ್ಕ. "ನಮ್ಮವ್ವ ಅಲ್ಲೇ ಕಳೆ ತಗದು ತಗದು ಸತ್ತಳು. ಬಾಜೂಕ ನಾವು ಹೊಲ ಹಿಡಿತೀವಿ ಅಂತ ಗೊತ್ತಾದ್ರ ಬಿಡಂಗಿಲ್ರಿ ಅವರು. ರಜಿಸ್ಟ್ರಿ ಆಗೂತನಕ ಯಾರಿಗೂ ತಿಳೀಬಾರದ್ರಿ."

"ಹೊಲ ಆತಂದ್ರ ನಾ ಒಡ್ಡಿನ ಮ್ಯಾಲ ಕುಂತು ಉಳ್ಳಾಗಡ್ಡಿ ರೊಟ್ಟಿ ತಿಂತೀನ್ರಿ ಬಾಯಾರ" ಎಂದು ತಂಗಿ ನನಗೆ ಹೇಳಿದಳು. "ಯಾರರ ಎಬ್ಬಸಲಿ, ನೋಡೂಣು."

"ಬಾಯಿ ಮುಚ್ಚಬೇ" ಎಂದಳು ಅಕ್ಕ.

ಕಾಕಾ ಅಂಗಿ ಎತ್ತಿ ಕೀಲಿ ತೋರಿಸಿದರು. "ಇದರೊಳಗ ಹೋದ ಕಾಗದ ನನ್ನ ಹೇಂತಿಗೆ ಸೈತ ಕಾಣಂಗಿಲ್ಲ. ಚಿಂತಿ ಬಿಡು." ಆಮೇಲೆ ಹೊಸ್ತಿಲಿಗೆ ಹೋಗಿ ನಿಂತರು. ಹೇಳತೊಡಗಿದರು. ನಂಬರು ಬಂತು, ಕೈ ಎತ್ತಿದರು. ನಾನು ಮಿಷನ್ ನಿಲ್ಲಿಸಿದೆ.

"ಮೆತ್ತಗ ಹೇಳ್ರಿ" ಎಂದಳು ಅಕ್ಕ.

"ಬಾಯೀಗೆ ಅರಿವಿ ಕಟಗೊಂಡು ಪತ್ರ ಬರಸಾಕ ಬರತೈತೇನವಾ? ನಿನಗೂ ಕೇಳಬೇಕಲ್ಲ."

"ನನಗ ಕಿವಿ ಚಲೋ ಅದಾವ್ರಿ."

ಅವಳು ನಗಲಿಲ್ಲ. ಕಾಕಾ ನಕ್ಕರು. ನಕ್ಕು, ನಾಲ್ಕೂ ದಿಕ್ಕನ್ನು ರಸ್ತೆಗೆ ಹೇಳಿದರು. ಅಕ್ಕ ತಂಗಿ ಹೋದ ಮೇಲೆ ನಾನು ಕಾಕಾನನ್ನು ಕೇಳಿದೆ, ಇಂಥವರದನ್ನು ಒಳಗೆ ಕುಳಿತು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಆಗುವುದಿಲ್ಲವೇ ಎಂದು. "ಧಾರವಾಡದಾಗ ಇದನ್ನೂ ಕಲಸತಾರೇನವಾ?" ಎಂದು ಅವರು ಹೊರಗೆ ಉಗುಳಿ ಬಂದರು.

ರಜಿಸ್ಟ್ರಿ ಸೋಮವಾರಕ್ಕೆ ಇತ್ತು. ಅಷ್ಟರೊಳಗೆ ಉತ್ತರದ ಹೊಲದವರು ಹುಬ್ಬಳ್ಳಿಗೆ ಹೋಗಿ, ಮಾರುವವರ ಅಂಗಡಿಯಲ್ಲೇ ಕುಳಿತು, ಮುಂಗಡ ಸಂಚಕಾರ ಕೊಟ್ಟು ಮಾತು ಮುಗಿಸಿದ್ದರು. ಅಕ್ಕ ಒಬ್ಬಳೇ ಬಂದಳು. ಹೊಸ್ತಿಲ ಹೊರಗೆ ನಿಂತು ಇದನ್ನು ಹೇಳಿದಳು. ದನಿ ಏರಲಿಲ್ಲ.

"ಯಾರ ಬಾಯಿಂದ ಹೋತ್ರಿ ಇದು?"

"ನಿನ್ನ ತಂಗಿ ಬಾಯಿ ನಾ ಅವತ್ತೇ ನೋಡೀನಲ್ಲ" ಎಂದರು ಕಾಕಾ. "ಮನ್ಯಾಗ ಇಟಗೊಂಡು ಹೊರಗ ಯಾಕ ಹುಡಕತಿ?"

"ಆಕೀಗೆ ಬಿಟ್ರ ಯಾರಿಗೂ ಹೇಳಿದ್ದಿಲ್ರಿ ನಾ. ಆಕೀನ ಇರಬೇಕು. ಮಾತು ಬಿಟ್ಟೀನ್ರಿ ಆಕಿ ಜೋಡಿ." ಕಾಗದ ಒಯ್ಯಲು ನಾಳೆ ಬರುತ್ತೇನೆ ಎಂದು ಹೋದಳು. ನಾನೂ ನಂಬಿದೆ. ಒಡ್ಡಿನ ಮೇಲೆ ಕುಳಿತು ರೊಟ್ಟಿ ತಿನ್ನುವ ಮಾತನ್ನು ಆ ಹುಡುಗಿ ಬಸ್ಸಿನಲ್ಲಿ, ಬಾವಿಯ ಹತ್ತಿರ, ಎಲ್ಲೋ ಒಂದು ಕಡೆ ಆಡಿರಬೇಕು ಎಂದುಕೊಂಡೆ.

ಅಂದು ಮಧ್ಯಾಹ್ನ ದಲಾಲ ರಸ್ತೆ ದಾಟಿ ಒಳಗೆ ಬಂದ. ಎಣ್ಣೆ ಸೋರುವ ಮಿರ್ಚಿ ಪುಡಿಕೆಯನ್ನು ಯಾರದೋ ಉತಾರದ ಮೇಲೆ ಇಟ್ಟ. ಕಾಕಾನ ಪಕ್ಕ ಕುಳಿತು ಸಹಜವಾಗಿ ತಕರಾರು ಶುರುಮಾಡಿದ.

"ನಿನ್ನಿ ಹೇಳಿದ ಪತ್ರದ್ದು ಪೂರ್ವಕ್ಕ ಯಾರಂದ್ರಿ ಕಾಕಾ? ಈ ಬಾಯಾರ ಮಿಷನ್ ಕಟಕಟ ಹಚ್ಚಿತ್ತು, ಒಂದೂ ಕೇಳಲಿಲ್ಲ. ನಿಲ್ಲಿಸಿ ಹೇಳಬೇಕ್ರಿ ನೀವು. ಯರಗುಪ್ಪಿದು ಅಗದಿ ಸ್ವಚ್ಛ ಕೇಳಿತ್ತು ನೋಡ್ರಿ."

"ನಿನ್ನ ಕಿವ್ಯಾಗ ಏನ ತುರಕೊಂಡಿದ್ದಿ ಲೇ?" ಎಂದರು ಕಾಕಾ ಮಿರ್ಚಿ ಮುರಿಯುತ್ತ. "ನಾಳೆ ಬರತಾರ ಅವರು. ಇನ್ನೊಮ್ಮೆ ಓದಿ ಹೇಳತೀನಿ ಬಿಡು."

ನಾನು ಅಲ್ಲೇ ಇದ್ದೆ. ಮಿಷನ್ನಿನ ಹಿಂದೆ, ಅವರಿಗೆ ಕೈಯಳತೆಯಲ್ಲಿ. ನನ್ನನ್ನು ಅವರು ಆ ಮಿಷನ್ನಿನದೇ ಒಂದು ಭಾಗ ಎಂದು ತಿಳಿದಿದ್ದರು. ಹೊಲ ಗುರುತಿಸಲು ಯಾರ ಹೆಸರೂ ಬೇಡ. ಒಂದು ನಂಬರು, ನಾಲ್ಕು ದಿಕ್ಕು ಸಾಕು. ಅದನ್ನು ದಲಾಲ ಬಾಕಿನ ಮೇಲೆ ಕುಳಿತು ಹಿಡಿದುಕೊಂಡು, ಬೇಕಾದವರ ಮನೆಗೆ ಒಯ್ದು ಕೊಟ್ಟು, ಬಂದ ದಲಾಲಿಯಲ್ಲಿ ಕಾಕಾನ ಪಾಲು ಕೊಡುತ್ತಿದ್ದ. ನಂಬರು ತಪ್ಪಬಾರದು ಎಂದು ಮಿಷನ್ ನಿಲ್ಲಿಸಿದ್ದು ನನಗಾಗಿ ಅಲ್ಲ, ಅವನಿಗಾಗಿ. ಅವನು ಹೋದ ಮೇಲೆ ಕಾಕಾನನ್ನು ನೇರವಾಗಿ ಕೇಳಿದೆ.

ಅವರಿಗೆ ಸಿಟ್ಟೇ ಬರಲಿಲ್ಲ. ಎಣ್ಣೆ ಬೆರಳನ್ನು ನೆಕ್ಕಿಕೊಂಡರು. "ನಾ ಯಾರ ಮನಿಗೆ ಹೋಗಿ ಹೇಳೀನವಾ? ನನ್ನ ಬಾಗಲದಾಗ ನಿಂತು ನನ್ನ ಕೆಲಸದ ಮಾತ ಆಡೀನಿ. ಕೇಳಿದವಂದು ತಪ್ಪು. ಒಂದು ಕಾಗದ ಹೊರಗ ಹೋಗೇತೇನು? ಕಪಾಟ ನೋಡು, ಕೀಲಿ ಹಾಕೇತಿ."

ಮೋಸಕ್ಕಿಂತ ಆ ನೆಮ್ಮದಿ ನನಗೆ ಹೆಚ್ಚು ಹೇಸಿಗೆ ತಂದಿತು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಗುಟ್ಟು ಕಾಯುವವರು ಎಂದು ನಿಜವಾಗಿಯೂ ನಂಬಿದ್ದರು.

ಮರುದಿನ ಅಕ್ಕ ಬಂದಳು. ಕಾಕಾ ಕೀಲಿ ಬಿಚ್ಚಿ, ಕಪಾಟು ತೆಗೆದು, ಉತಾರವನ್ನು ಟೇಬಲ್ ಮೇಲೆ ಒಗೆದರು. ಮೂಲೆ ಕೆಂಪಾಗಿತ್ತು. ಎದುರಿಗೆ ದಲಾಲ ಪೇಪರು ಎತ್ತಿ ಹಿಡಿದ. ನಾನು ಮಿಷನ್ ನಿಲ್ಲಿಸಿದೆ. ಎದ್ದು ಹೊಸ್ತಿಲಿಗೆ ಬಂದು, ಕಾಕಾ ನಿಲ್ಲುವ ಜಾಗದಲ್ಲೇ ನಿಂತೆ. ಅಲ್ಲಿಯವರೆಗೆ ಜನರೆದುರು ಎಂದೂ ದನಿ ಏರಿಸಿದವಳಲ್ಲ ನಾನು. ಹೇಗೆ ಬಂತೋ, ಬಂತು.

"ಅಕ್ಕಾರ, ನಿಮ್ಮ ತಂಗಿ ಯಾರಿಗೂ ಹೇಳಿಲ್ರಿ. ನಿಮ್ಮ ಹೊಲದ ನಂಬರ್ ಇದ ಹೊಸ್ತಲದಾಗ ನಿಂತು ಇವರು ಹೇಳಿದ್ರು. ಅಲ್ಲೆ ಪೇಪರ್ ಹಿಡದು ಕುಂತಾರಲ್ಲ, ಅವರು ಕೇಳಿದ್ರು. ಕೇಳ್ಲಿ ಅಂತನ ಹೇಳಿದ್ದು."

ಚಾದಂಗಡಿಯಲ್ಲಿ ಬಸಿ ಬಟ್ಟಲುಗಳ ಸದ್ದು ನಿಂತಿತು. ಕಾಕಾ ನನ್ನ ತೋಳಿಗೆ ಕೈ ಹಾಕಲು ಬಂದು, ಹಾಕದೆ, ಹೆದರಿದ ದನಿಯಲ್ಲಿ ಹೇಳಿದರು: "ಮೆಲ್ಲಕವಾ, ಮೆಲ್ಲಕ! ಮಂದಿ ಕೇಳತಾರ."

ಅಕ್ಕ ಉತಾರವನ್ನು ಎತ್ತಿಕೊಂಡಳು. ಕೆಂಪು ಮೂಲೆಯನ್ನು ಸೆರಗಿನಿಂದ ಒಮ್ಮೆ ತಿಕ್ಕಿದಳು. ಅದು ಹೋಗಲಿಲ್ಲ.

"ಹಂಗಾದ್ರ ನನ್ನ ತಂಗಿ ಅಲ್ಲ" ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಕಾಕಾನ ಮುಖ ನೋಡಿ: "ನಮ್ಮ ಕೈಯಾಗಿನ ಕಾಗದ ಮುಟ್ಟಂಗಿಲ್ಲ, ನೀರು ಮುಟ್ಟಂಗಿಲ್ಲ. ನಮ್ಮ ಹೊಲ ಮುಟ್ಟಾಕ ಮಾತ್ರ ಮೈಲಿಗಿ ಆಗಲಿಲ್ಲೇನ್ರಿ ನಿಮಗ?"

ಯರಗುಪ್ಪಿ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಅವಳು ಓಡುವವಳಂತೆ ನಡೆದಳು.

ನಾನು ಅಂದೇ ಕೆಲಸ ಬಿಟ್ಟೆ. ಕಾಕಾ ಅಪ್ಪನ ಹತ್ತಿರ ಬಂದು ನೊಂದುಕೊಂಡು ಹೇಳಿದರಂತೆ: "ನಿನ್ನ ಮಗಳು ಶಾಣ್ಯಾಕಿ ಖರೆ. ಆದ್ರ ಬಾಯಾಗ ಮಾತ ನಿಲ್ಲಂಗಿಲ್ಲಪಾ. ಆಫೀಸಿನ ಗುಟ್ಟು ಬೀದಿಗೆ ಹಾಕಿದಳು." ಅಪ್ಪ ಅದನ್ನು ನನಗೆ ಹೇಳಿ ಎದ್ದು ಹೋದರು. ನಂತರ ಬೇರೆ ಕಡೆಯೂ ಅದೇ ಮಾತು ಕಿವಿಗೆ ಬಿತ್ತು: ಆ ಹುಡುಗಿಯನ್ನು ಕಾಗದಪತ್ರದ ಹತ್ತಿರ ಕೂಡಿಸಬೇಡಿ. ಎರೆಹೊಲ ಉತ್ತರದವರಿಗೇ ಹೋಯಿತು. ಅವರು ನಡುವಿನ ಒಡ್ಡು ಒಡೆದು ಎರಡನ್ನೂ ಒಂದು ಮಾಡಿದರೆಂದು ಯಾರೋ ಹೇಳಿದರು.

ಕೆಲವು ತಿಂಗಳ ಮೇಲೆ ನೌಕರಿಯ ಪತ್ರ ಬಂತು. ಸಾಮಾನು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ಆ ಕೋಣೆಯ ಮುಂದೆಯೇ. ಗೋಡೆ ಹಾಗೇ ಇತ್ತು, ಇನ್ನಷ್ಟು ಕಪ್ಪಾಗಿ. ಒಳಗೆ ಬೇರೆ ಯಾರೋ ಟೈಪ್ ಮಾಡುತ್ತಿದ್ದರು. ಕಾಕಾ ಹೊಸ್ತಿಲಲ್ಲಿ, ಕೈ ಚೌಕಟ್ಟಿನ ಮೇಲೆ. ನನ್ನನ್ನು ನೋಡಿ ನೋಡದವರಂತೆ ರಸ್ತೆಯ ಆಚೆಗೆ ನೋಡಿದರು. ಹೊರಗೆ ಕಟ್ಟೆಯ ಮೇಲೆ ಒಬ್ಬ ಮುದುಕ ಅರಿವೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಮಿಷನ್ನಿನ ಸದ್ದು ನಿಂತಿತು.

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿ ಜೋರಾಗಿ ನಡೆದೆ. ಆ ನಂಬರು ನನ್ನ ಕಿವಿಯಲ್ಲೂ ಉಳಿಯುವುದು ನನಗೆ ಬೇಡವಾಗಿತ್ತು.