ಬೆತ್ತದ ಕುರ್ಚಿಯ ತಿತಿಕ್ಷೆ

ಮೊನ್ನೆ ಹಾನಗಲ್ಲಿನ ಅಕ್ಕನ ಮನೆಗೆ ಹೋದಾಗ ಪಡಸಾಲೆಯಲ್ಲಿದ್ದ ಬೆತ್ತದ ಕುರ್ಚಿ ಕಂಡದ್ದೇ ತಡ, ನನ್ನ ತೊಡೆಯಲ್ಲಿ ತುರಿಕೆ ಎದ್ದಿತು. ನಗಬೇಡಿ. ಎಪ್ಪತ್ತರ ದಶಕದಲ್ಲಿ ಆ ಕುರ್ಚಿ ಸವಣೂರಿನ ನಮ್ಮ ಮನೆಯಲ್ಲಿತ್ತು. ಮನೆಯಲ್ಲಿದ್ದ ಜನರಿಗಿಂತ ಹೆಚ್ಚು ತಿಗಣೆಗಳು ಅದರಲ್ಲಿದ್ದವು.

ಅಪ್ಪ ಸಂಜೆ ಊರವರಿಗೆ ಗೀತೆಯ ಪಾಠ ಹೇಳುತ್ತಿದ್ದರು. ಅವರ ಮೆಚ್ಚಿನ ಪದ ‘ತಿತಿಕ್ಷೆ’. ಏನೇ ಬಂದರೂ ಗೊಣಗದೆ, ಶಾಂತವಾಗಿ ತಡೆದುಕೊಳ್ಳುವುದು ಎಂದು ಅರ್ಥ. “ತಗಣಿ ಕಡದ್ರೂ ತುರಿಸ್ಕೋಬಾರ್ದು, ಅದಕ್ಕ ತಿತಿಕ್ಷೆ ಅಂತಾರ್ರಿ,” ಎನ್ನುತ್ತಿದ್ದರು. ಪಾಠ ಮುಗಿಸಿ ಒಳಗೆ ಬಂದಾಗ ಚಹಾ ತುಸು ಆರಿದ್ದರೆ ಲೋಟ ಅಂಗಳಕ್ಕೆ ಹಾರುತ್ತಿತ್ತು. ಅವ್ವ ಅದನ್ನು ತೊಳೆದು ಮತ್ತೆ ಚಹಾಕ್ಕಿಡುತ್ತಿದ್ದಳು. ಆ ಪದದ ಅರ್ಥವನ್ನು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಅಪ್ಪನ ಮಗನೇ. ಕ್ಷೌರದಂಗಡಿಯಲ್ಲಿ ಸರದಿ ಬರುವ ಮೊದಲೇ ಎದ್ದು ಬರುವವನು.

ಇದನ್ನೆಲ್ಲ ನೋಡಿ ಬೆಳೆದ ಅಕ್ಕನಿಗೆ ಮದುವೆಯೆಂದರೆ ಹೆದರಿಕೆ. “ಅಪ್ಪನಂಥಾ ಗಂಡ ನನಗ ಬ್ಯಾಡವ್ವಾ,” ಎಂದು ಅಳುತ್ತಿದ್ದಳು. ಕೊನೆಗೆ ಅವಳೇ ಉಪಾಯ ಹುಡುಕಿದಳು. ನೋಡಲು ಬಂದ ವರನಿಗೆ ಅದೇ ಕುರ್ಚಿ ಹಾಕಿಸುವುದು, ತಾನು ಬಾಗಿಲ ಹಿಂದೆ ನಿಂತು ನೋಡುವುದು.

ಶಿಗ್ಗಾಂವಿಯ ವರ ಉಪ್ಪಿಟ್ಟು ಬರುವ ಮೊದಲೇ ಕುಣಿದೆದ್ದು, ನಮ್ಮ ವಂಶವನ್ನೆಲ್ಲ ಬೈದು ಬಸ್ಸು ಹಿಡಿದ. ಹಿರೇಕೆರೂರಿನವನು ಎದ್ದವನೇ ತನ್ನ ತಾಯಿಯ ಮೇಲೆ ಹರಿಹಾಯ್ದ. ಹಾನಗಲ್ಲಿನವನು ಮಾತ್ರ ಕುಳಿತೇ ಇದ್ದ. ಅಪ್ಪ ಹುರುಪುಗೊಂಡು ತಿತಿಕ್ಷೆಯ ಮೇಲೆ ಪ್ರವಚನವನ್ನೇ ಶುರುಮಾಡಿದರು. ವರನ ಕಿವಿ ಕೆಂಪಾದವು, ಕಣ್ಣಲ್ಲಿ ನೀರಾಡಿತು. ಕೈ ಮಾತ್ರ ಅಲುಗಲಿಲ್ಲ. ಆ ಕಣ್ಣೀರು ತಮ್ಮ ಪ್ರವಚನದ ಪ್ರಭಾವವೆಂದು ಅಪ್ಪ ಹಿಗ್ಗಿದರು. ಅಕ್ಕ ಹೂಂ ಎಂದಳು. ಮದುವೆಯಾದ ಮೇಲೆ ಕುರ್ಚಿಗೆ ಕುದಿನೀರು ಸುರಿದು, ಬಿಸಿಲಿಗೆ ಒಣಗಿಸಿ, ತನ್ನ ಜೊತೆಗೇ ಒಯ್ದಳು.

ಮೊನ್ನೆ ಭಾವನನ್ನು ಕೇಳಿಯೇಬಿಟ್ಟೆ. “ಆವತ್ತು ಹೆಂಗ ತಡ್ಕೊಂಡ್ರಿ?”

“ಎಲ್ಲಿ ತಿತಿಕ್ಷೆ ತಮ್ಮಾ! ಬಾಗಲಾ ಸಂದ್ಯಾಗ ನಿಮ್ಮಕ್ಕ ಬಾಯಿಗೆ ಸೆರಗು ಹಿಡ್ಕೊಂಡು ನಗಾಕತ್ತಿದ್ಲು. ಎದ್ದಿದ್ರ ಆ ನಗಿ ಕಾಣ್ತಿದ್ದಿಲ್ಲ.”

ಈ ಅರ್ಥ ಅಪ್ಪನ ಪಾಠದಲ್ಲಿ ಬಂದೇ ಇರಲಿಲ್ಲ. ಅಕ್ಕ ತಂದಿಟ್ಟ ಚಹಾ ನಮ್ಮ ಮಾತಿನಲ್ಲಿ ಪೂರಾ ಆರಿಹೋಗಿತ್ತು. ಭಾವ ಒಂದು ಗುಟುಕು ಕುಡಿದು, “ಭಾಳ ಛಲೋ ಆಗೇತಿ,” ಎಂದರು. ನಾನು ಆ ಕುರ್ಚಿಯಲ್ಲಿ ಕುಳಿತು, ತಣ್ಣನೆಯ ಚಹಾವನ್ನು ತಳಮಟ್ಟ ಕುಡಿದೆ. ಬಾಗಿಲಲ್ಲಿ ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.