ಬೆಟ್ಟ ದಾಟದೆ ಬಂದ ಚುಕ್ಕಿ

ಅನುಮಾನ ನನ್ನ ಹುಟ್ಟುಗುಣ. ಅಣ್ಣನ ಕಾರಿಗೆ ಹ್ಯಾಮ್ ರೇಡಿಯೋ ಕೂರಿಸಿ, ತಾನೆಲ್ಲಿದ್ದೀನಿ ಅಂತ ಕಾರೇ ಆಗಾಗ ಹೇಳುವ ಹಾಗೆ ಮಾಡಿದ್ದೂ ನಾನೇ. ಹಿಂದೂಪುರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ನಕ್ಷೆಯ ಮೇಲೆ ಅದು ಚುಕ್ಕಿಯಾಗಿ ಓಡುತ್ತಿತ್ತು. ಕಲ್ಯಾಣದುರ್ಗದಷ್ಟು ದೂರದಿಂದ ಆ ಪುಟ್ಟ ರೇಡಿಯೋದ ಸದ್ದು ನೇರವಾಗಿ ನಮಗೆ ಮುಟ್ಟುವುದಿಲ್ಲ. ನಡುವಿನ ಬೆಟ್ಟದ ಮೇಲೆ ಹ್ಯಾಮ್ ಗೆಳೆಯರು ಇಟ್ಟಿದ್ದ ಡಿಜಿಪೀಟರ್ ಅದನ್ನು ಕೇಳಿಸಿಕೊಂಡು ಮತ್ತೆ ಕೂಗಬೇಕು. ಹೀಗೆ ಎಷ್ಟು ಸಲ ದಾಟಿಸಬೇಕು ಅನ್ನುವುದನ್ನು ಮೊದಲೇ ಬರೆದಿಡುತ್ತೇವೆ, ಅದೇ ಪಾತ್. ದಾಟಿಸಿದ ಡಿಜಿಪೀಟರ್ ಆ ಪಾತಿನಲ್ಲಿ ತನ್ನ ಗುರುತಿಗೆ ಒಂದು ನಕ್ಷತ್ರ ಹಚ್ಚಿ ಕಳಿಸುತ್ತದೆ. ಅಣ್ಣ ಏಳು ಸಲ ಅಂತ ಬರೆದು ಎಲ್ಲರ ಚಾನೆಲನ್ನೂ ಕೆಡಿಸುತ್ತಿದ್ದ. ನಾನು ಬೈದು ಎರಡಕ್ಕೆ ಇಳಿಸಿದ್ದೆ. ಅವನಿಗೆ ನಕ್ಷೆ ಇದ್ದರೆ ಸಾಕು, ಪಾತ್ ಅಂದರೆ ತಲೆನೋವು.

ಅಣ್ಣನ ಮಗಳ ಮದುವೆ ಗೊತ್ತಾಯಿತು. ಕಲ್ಯಾಣದುರ್ಗದ ಅಕ್ಕನನ್ನು ಕರೆಯಬೇಕಿತ್ತು. ಅಪ್ಪ ಹೋದಾಗ ಅವಳಿನ್ನೂ ಬಸ್ಸಿನಲ್ಲಿರುವಾಗಲೇ ಅಣ್ಣ ಮಣ್ಣು ಮಾಡಿಸಿಬಿಟ್ಟಿದ್ದ. ಅಪ್ಪನ ಮುಖ ಅವಳಿಗೆ ಸಿಗಲಿಲ್ಲ. ಅವತ್ತು ಹೋದವಳು ಮತ್ತೆ ನಮ್ಮ ಹೊಸಿಲು ತುಳಿದಿರಲಿಲ್ಲ. ಅವಳಿಲ್ಲದ ಮದುವೆ ನನ್ನ ಪಾಲಿಗೆ ಮದುವೆಯೇ ಅಲ್ಲ.

"ನಾನೇ ಹೋಗಿ ಕರ್ದು ಬತ್ತೀನಿ ಕಣ್ಲಾ. ಬೇಕಾದ್ರೆ ನೋಡ್ತಾ ಕೂತ್ಕೋ," ಅಂದ ಅಣ್ಣ, ಭಾನುವಾರ ಬೆಳಿಗ್ಗೆ ಕಾರು ಹತ್ತಿದ.

ನೋಡುತ್ತಲೇ ಕೂತೆ. ಸೋಮಂದೇಪಲ್ಲಿಯವರೆಗೆ ಚುಕ್ಕಿ ಸರಿಯಾಗಿ ಹೋಯಿತು. ಆಮೇಲೆ ಬಹಳ ಹೊತ್ತು ಸುದ್ದಿಯಿಲ್ಲ. ಮಧ್ಯಾಹ್ನ ಒಮ್ಮೆಗೇ ಕಲ್ಯಾಣದುರ್ಗದಲ್ಲಿ ಕಾಣಿಸಿಕೊಂಡಿತು, ಅದೂ ಅಕ್ಕನ ಬೀದಿಯಲ್ಲೇ.

"ಭಾವ ಸೇರ್ಕೊಂಡ್ರಾ?" ಅಂದಳು ಹೆಂಡತಿ. ನಾನು ಪಾತ್ ಓದುತ್ತಿದ್ದೆ. ನಕ್ಷತ್ರವೇ ಇಲ್ಲ. ಬೆಟ್ಟದ ನೆರವಿಲ್ಲದೆ ನೇರವಾಗಿ ನಮ್ಮ ಆಂಟೆನಾಕ್ಕೆ ಬಂದಿದೆ. ಮೊದಲು ಸಾಫ್ಟ್‌ವೇರಿನ ಮೇಲೆ ಅನುಮಾನ ಬಂತು, ಆಮೇಲೆ ಕೇಬಲ್ಲಿನ ಮೇಲೆ. ಎರಡೂ ಸರಿಯಾಗಿದ್ದವು. ಅಂದರೆ ಕಾರು ಇಲ್ಲೇ ಹತ್ತಿರದಲ್ಲಿ ನಿಂತಿದೆ, ರೇಡಿಯೋದ ಜಿಪಿಎಸ್ ಆರಿಸಿ ಅಕ್ಕನ ಮನೆಯ ಜಾಗವನ್ನು ಅಣ್ಣ ತಾನೇ ಕೈಯಿಂದ ತುಂಬಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಬಂದವನು ಚಪ್ಪಲಿ ಬಿಡುತ್ತಾ, "ಬಾಗ್ಲಲ್ಲೇ ನಿಲ್ಸಿ, 'ನೇನು ರಾನು, ಪೋ' ಅಂದ್ಬುಟ್ಲು ಕಣಪ್ಪ. ಬರಲ್ವಂತೆ," ಅಂದ. ಅಕ್ಕ ನಮ್ಮ ಜೊತೆ ಯಾವತ್ತೂ ತೆಲುಗಾಡಿದವಳಲ್ಲ. ಅವನು ನನ್ನ ಮುಖ ನೋಡಲಿಲ್ಲ.

ಮರುದಿನ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಅಕ್ಕ ಜಗಲಿಯ ಮೇಲೆ ಕಡಲೇಕಾಯಿ ಸುಲಿಯುತ್ತಿದ್ದಳು. ನೆನ್ನೆ ಅಣ್ಣ ಬಂದಿದ್ದನಾ ಅಂತ ಕೇಳಿದೆ.

"ಯಾರೂ ಬರ್ಲಿಲ್ವಲ್ಲೋ. ನೆನ್ನೆಯೆಲ್ಲ ಇಲ್ಲೇ ಕೂತಿದ್ದೆ."

ನಡೆದದ್ದನ್ನೆಲ್ಲ ಹೇಳಿದೆ. ಬಾಯಿಗೆ ಬಂದ ಹಾಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮಡಿಲಿನ ಸಿಪ್ಪೆ ಕೊಡವಿಕೊಂಡು, "ನನ್ನ ಕಂಡ್ರೆ ಅಷ್ಟೊಂದು ಹೆದ್ರಿಕೆನಾ ಅವ್ನಿಗೆ? ಫೋನ್ ಹಾಕು," ಅಂದಳು.

ಮೊಬೈಲಿನಲ್ಲಿ ಅಣ್ಣನ ನಂಬರ್ ಒತ್ತಿ ಕೊಟ್ಟೆ.

"ಅಣ್ಣಾ, ನಾನು. ಚಪ್ಪರದ ದಿನಾನೇ ಬತ್ತೀನಿ." ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದಳು. ಆಮೇಲೆ ಫೋನನ್ನು ನನ್ನ ಕಡೆ ಚಾಚಿದಳು. "ಕಟ್ಟಾಯ್ತೇನೋ ನೋಡು, ಮಾತೇ ಇಲ್ಲ."

ಕಿವಿಗಿಟ್ಟುಕೊಂಡೆ. ಅಣ್ಣ ದನಿ ಅದುಮಿಕೊಂಡು ಅಳುತ್ತಿದ್ದ.

"ಕಟ್ಟಾಗಿಲ್ಲ ಕಣಕ್ಕ," ಅಂತ ಫೋನನ್ನು ವಾಪಸ್ಸು ಅವಳ ಕೈಗಿಟ್ಟೆ. "ನೀನು ಮಾತಾಡು."